ಎದುರು ತಟ್ಟೆಯ ಕಲ್ಲು

"ಗುರುಗಳೇ, ತಿಳಿಯದ ಒಂದು ಸಂಖ್ಯೆಗೆ ಏಳು ಕೂಡಿದರೆ ಇಪ್ಪತ್ತು ಎಂದಿರಿ. ಆ ಸಂಖ್ಯೆ ಬೇಕಾದರೆ ಅದರ ಪಕ್ಕದ ಏಳನ್ನು ತೆಗೆದರೆ ಸಾಲದೇ? ಆಚೆ ಕಡೆಯ ಇಪ್ಪತ್ತರಿಂದಲೂ ಏಕೆ ಕಳೆಯಬೇಕು?" ಎಂದು ಶಿಷ್ಯ ತಿಪ್ಪಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನು ಜ್ವರಕ್ಕೆ ಕೊಡುತ್ತಿದ್ದ ಪುಡಿ ಬಲು ಉಗ್ರವಾದದ್ದು. ಹದವಾಗಿದ್ದರೆ ಜೀವ ಉಳಿಸುತ್ತಿತ್ತು, ಮೀರಿದರೆ ತೆಗೆಯುತ್ತಿತ್ತು. ಅದನ್ನು ಅವನು ಮಣ್ಣಿನ ಬಟ್ಟಲಲ್ಲಿಟ್ಟು ತೂಗುತ್ತಿದ್ದ. ತಕ್ಕಡಿಯ ಎದುರು ತಟ್ಟೆಯಲ್ಲಿ ಎರಡು ಕಲ್ಲು: ಮದ್ದಿಗೊಂದು, ಬಟ್ಟಲಿಗೊಂದು.

ಅವನಿಗೆ ಒಬ್ಬಳೇ ಮಗಳು. ಅವಳು ಜ್ವರದಿಂದ ಮಲಗಿದಳು.

"ಮಗು ನೀರನ್ನೂ ನುಂಗುತ್ತಿಲ್ಲ, ಬೇಗ ಬನ್ನಿ" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ವೈದ್ಯ ಗಡಿಬಿಡಿಯಲ್ಲಿ ತೂಗಲು ಕೂತ. ಬಟ್ಟಲು ಜಾರಿ ಬಿದ್ದು ಒಡೆಯಿತು. ಅವನು ಪುಡಿಯನ್ನು ನೇರವಾಗಿ ತಟ್ಟೆಗೇ ಸುರಿದ. ಬಟ್ಟಲಿನ ಕಲ್ಲು ಎದುರು ತಟ್ಟೆಯಲ್ಲೇ ಉಳಿಯಿತು. ಮುಳ್ಳು ನೆಟ್ಟಗೆ ನಿಲ್ಲುವವರೆಗೂ ಸುರಿದ. ಜೇನಿನಲ್ಲಿ ಕಲಸಿ ತಾನೇ ಕೊಂಡೊಯ್ದ.

"ಕಹಿ, ಅಪ್ಪಾ" ಎಂದು ಮಗಳು ಮುಖ ತಿರುಗಿಸಿದಳು.

"ಇದೊಂದು ಸಲ ನುಂಗಿಬಿಡವ್ವಾ."

ಅಪ್ಪ ಹೇಳಿದನೆಂದು ನುಂಗಿದಳು. ಹೊತ್ತು ಮುಳುಗುವ ಮೊದಲೇ ಅವಳ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ವೈದ್ಯನಿಗೆ ತಕ್ಕಡಿ ಕಂಡಿತು. ತಟ್ಟೆಯಲ್ಲೇ ಉಳಿದಿದ್ದ ಬಟ್ಟಲಿನ ಕಲ್ಲೂ ಕಂಡಿತು. ಆ ಕಲ್ಲಿನ ತೂಕದಷ್ಟೂ ಪುಡಿ ಹೆಚ್ಚಾಗಿ ಬಿದ್ದಿತ್ತು. ಹೆಂಡತಿಯನ್ನು ಕರೆದು ಮುಚ್ಚಿಡದೆ ಹೇಳಿದ. ಅವಳು ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಅಂದಿನಿಂದ ಅವನು ತಕ್ಕಡಿ ಮುಟ್ಟಲಿಲ್ಲ. ಕೆಲವು ಕಾಲದ ಮೇಲೆ ಒಬ್ಬ ತಾಯಿ ಜ್ವರದ ಮಗುವನ್ನು ಹೊತ್ತು ತಂದಳು. ವೈದ್ಯ ಆಗದೆಂದು ಕೈ ಮುಗಿದ. ಆಗ ಹೆಂಡತಿಯೇ ತಕ್ಕಡಿ ತಂದು ಅವನ ಮುಂದಿಟ್ಟು, "ಇವಳ ಮಗುವೂ ಹೋಗಬೇಕೇ?" ಎಂದಳು. ಅವನು ಅಳುತ್ತಲೇ ತೂಗಿದ. ಆ ಮಗು ಉಳಿಯಿತು. ತಾಯಿ ಅದನ್ನು ಎತ್ತಿಕೊಂಡು ಹೋಗುವುದನ್ನು ವೈದ್ಯನ ಹೆಂಡತಿ ಬಾಗಿಲಲ್ಲಿ ನಿಂತು, ದಾರಿ ತಿರುಗುವವರೆಗೂ ನೋಡಿದಳು.

ತಿಪ್ಪಯ್ಯ ತಡವರಿಸುತ್ತ, "ಆದರೂ ಗುರುಗಳೇ, ಅವನು ತೆಗೆಯಲು ಮರೆತದ್ದು ಒಂದೇ ಕಡೆ ಅಲ್ಲವೇ?" ಎಂದ.

"ಹೌದಪ್ಪ, ಮರೆತದ್ದು ಒಂದೇ ಕಡೆ, ಮಗಳು ಹೋದದ್ದು ಇಬ್ಬರಿಗೂ."