ಯಾವ ದೇವರ ಟಪಾಲು

“ನನ್ನ ಪುಸ್ತಕ ಸುಮ್ಮನ ಇಡಬ್ಯಾಡ್ರಿ.”

ಕಲ್ಲವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಗಂಡ ದುಂಡಪ್ಪನಿಗೆ ಅಕ್ಷರ ಬಾರದು. ಕಲ್ಲವ್ವ ಮುಪ್ಪಿನಲ್ಲಿ ಕಲಿತಿದ್ದಳು, ಓಣಿಯ ಮದಾರಬಿಯ ಜೋಡಿ. ಇಬ್ಬರೂ ಕೂಡಿ ಪದ ಕಟ್ಟಿ, ಕೂಡಿ ಹಾಡಿ, ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಕಲ್ಲವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಮದಾರಬಿ ಬಾಗಿಲಿಗೆ ಬಂದು, “ಪುಸ್ತಕ ಐತೇನ್ರಿ ಅಣ್ಣಾರ?” ಎಂದಿದ್ದಳು. “ಐತಿ” ಎಂದಿದ್ದ. ಒಳಗೆ ಕರೆದಿರಲಿಲ್ಲ.

ಆರು ತಿಂಗಳು ಕಳೆದ ಮೇಲೆ ಅವನು ಮಠಕ್ಕೆ ಹೋಗಿ ಗುರುಗಳನ್ನು ಕೇಳಿದ:

“ಅಪ್ಪಾರ, ಪುಸ್ತಕ ದೇವರ ಜಗಲಿ ಮ್ಯಾಲೆ ಇಟ್ಟೀನ್ರಿ. ದಿನಾ ಇಬತ್ತಿ ಹಚ್ಚತೀನಿ, ಊದಿನಕಡ್ಡಿ ಬೆಳಗತೀನಿ. ಆದರೂ ಆಕಿ ಮಾತು ಚುಚ್ಚತೈತಿ. ಓದಾಕ ಬರದಾಂವ ಇದಕ್ಕಿಂತ ಹೆಚ್ಚು ಏನು ಮಾಡಬೇಕ್ರಿ?”

ಗುರು ಒಂದು ಕತೆ ಹೇಳಿದರು.

ಮೂಡಣ ಕಡಲಿನ ಅಂಚಿಗೆ ಹಾಂಗ್‌ಕಾಂಗ್ ಎಂಬ ಪಟ್ಟಣ. ಊರ ಮಾತು ಕ್ಯಾಂಟನೀಸ್. ಹಡಗು ಹತ್ತಿ ಬಂದವರು ತಮ್ಮ ತಮ್ಮ ದೇವರನ್ನೂ ಜೊತೆಗೆ ತಂದಿದ್ದರು. ಕಡಲ ತಾಯಿಯ ಗುಡಿಯಿಂದ ಕೂಗಳತೆಯಲ್ಲಿ ಮಸೀದಿ, ಆಚೆಗೆ ಕ್ರೈಸ್ತರ ಇಗರ್ಜಿ, ಅದರಾಚೆ ಸಿಖ್ಖರ ಗುರುದ್ವಾರ.

ಆ ಊರಿನ ಹಿರಿಯರದೊಂದು ಪದ್ಧತಿ. ಬರೆದ ಕಾಗದ ಕಾಲಿಗೆ ಸಿಗಬಾರದು. ಬಿದ್ದದ್ದನ್ನು ಆರಿಸಿ, ಗುಡಿಯ ಪಕ್ಕದ ಇಟ್ಟಿಗೆ ಒಲೆಯಲ್ಲಿ ಸುಟ್ಟು, ಬೂದಿಯನ್ನು ಕಡಲಿಗೆ ಬಿಡಬೇಕು. ಈ ಕೆಲಸ ಒಬ್ಬ ಮುದುಕನದು. ಬಿದಿರಿನ ಬುಟ್ಟಿ ಹೊತ್ತು ನಲವತ್ತು ವರ್ಷ ಬೀದಿ ತಿರುಗಿದ್ದ. ಅವನಿಗೆ ಒಂದಕ್ಷರವೂ ಬಾರದು.

ಒಂದು ದಿನ ಬೇರೆ ಬಗೆಯ ಅಕ್ಷರದ ಹಾಳೆಯೊಂದು ಸಿಕ್ಕಿತು. ಹಣೆಗೊತ್ತಿಕೊಂಡು ಒಲೆಗೆ ಹಾಕಲು ಹೋದ. ದಾರಿಯಲ್ಲಿದ್ದ ಮಸೀದಿಯ ಕಾವಲುಗಾರ ಓಡಿ ಬಂದ.

“ತಾಳು ಅಜ್ಜಾ! ಅದು ನಮ್ಮ ದೇವರ ಗ್ರಂಥದ ಹಾಳೆ. ಅದನ್ನು ನಾವು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ.”

“ನಾನು ಪೂಜೆ ಅಂತಲೇ ಮಾಡಿದ್ದಪ್ಪಾ.”

“ನಿನ್ನ ಪೂಜೆ ಸರಿ. ಯಾರದು ಅಂತ ಕೇಳಿದೆಯಾ?”

ಮುದುಕ ಬುಟ್ಟಿ ಕೆಳಗಿಟ್ಟ. ಅಂದಿನಿಂದ ಅಕ್ಷರದ ಮುಖ ನೋಡಿ ಮನೆ ಗುರುತಿಸಲು ಕಲಿತ. ಇದು ಮಸೀದಿಗೆ, ಇದು ಗುರುದ್ವಾರಕ್ಕೆ, ಇದು ಇಗರ್ಜಿಗೆ. ಓಣಿಯವರು ನಗುತ್ತಿದ್ದರು: “ಏನಜ್ಜಾ, ಇವತ್ತು ಯಾವ ದೇವರ ಟಪಾಲು?”

“ನಗಿರಪ್ಪಾ. ಟಪಾಲಿನವನು ಓದಬೇಕಾಗಿಲ್ಲ. ಮನೆ ಗೊತ್ತಿದ್ದರೆ ಆಯಿತು.”

ಇನ್ನೊಂದು ದಿನ ಕೈಯಲ್ಲಿ ಬರೆದ ಹಾಳೆ ಸಿಕ್ಕಿತು. ಅಕ್ಷರ ತನ್ನ ಊರಿನದೇ. ಹಳೆಯ ರೂಢಿಯಂತೆ ಒಲೆಯ ಬಾಯಿಗೆ ಹಿಡಿದವನು ಕೈ ಹಿಂದೆಗೆದ. ನಮ್ಮದಾದರೂ ಯಾರದೋ ಇರಬೇಕಲ್ಲ? ಕೇಳುತ್ತ ಹೋದ. ಚಹಾ ಅಂಗಡಿಯಲ್ಲಿ ಒಬ್ಬ ಹಾಳೆ ನೋಡಿದವನೇ ಎದ್ದು ನಿಂತ. ಅವನು ಕಳೆದುಕೊಂಡಿದ್ದ ಹಾಡು ಅದು. ಅಲ್ಲಿಯೇ ಓದಿದ. ಕೂತವರು ಬಟ್ಟಲು ಕೆಳಗಿಟ್ಟು ಕೇಳಿದರು.

ಮುದುಕನೂ ಕೇಳಿದ. ನಲವತ್ತು ವರ್ಷ ತಾನು ಕೈ ಮುಗಿದು ಸುಟ್ಟದ್ದು ಏನೆಂದು ಅವನಿಗೆ ಆಗ ಗೊತ್ತಾಯಿತು.

ಕತೆ ಮುಗಿಯಿತು. ದುಂಡಪ್ಪ ಕಾಯುತ್ತ ಕೂತ. ಗುರು ಕೇಳಿದರು:

“ದುಂಡಪ್ಪಾ, ಆ ಪುಸ್ತಕ ಯಾರ ಮನೆಯದು?”

ಅವನು ಕೈ ಮುಗಿದು ಎದ್ದ.

ಮರುದಿನ ಮುಂಜಾನೆ ಊದಿನಕಡ್ಡಿ ಹಚ್ಚಲಿಲ್ಲ. ಪುಸ್ತಕವನ್ನು ಜಗಲಿಯಿಂದ ಇಳಿಸಿ, ಮೇಲಿನ ವಿಭೂತಿಯನ್ನು ಧೋತರದ ಸೆರಗಿನಿಂದ ಒರೆಸಿದ. ಮದಾರಬಿಯ ಬಾಗಿಲಿಗೆ ಹೋಗಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

“ಓದವ್ವಾ ತಂಗಿ” ಎಂದು ಅವಳ ಕಟ್ಟೆಯ ಮೇಲೆ ಕೂತ.