ನೈಸ್ ಅನ್ನೋ ದೊರೆಯ ಎಣ್ಣೆಸ್ನಾನ

ಕಂಬದಗಿರಿಯ ದೊರೆ ಮಲ್ಲಪ್ಪನಾಯಕನ ಮೀಸೆ ಅಂದ್ರೆ ಅಂತಿಂಥದ್ದಲ್ಲ. ಈ ತುದೀಲಿ ಕೂತ ಗಿಳಿ ಕೂಗಿದ್ರೆ ಆ ತುದಿಯ ಗಿಳಿಗೆ ಕೇಳಿಸ್ತಿರಲಿಲ್ಲ. ಅಂಥ ದೊರೆಗೆ ಇಂಗ್ಲಿಷ್ ಕಲಿಯೋ ಹುಚ್ಚು ಹಿಡೀತು. ಕಂಪನಿ ಸಾಹೇಬ ಊಟಕ್ಕೆ ಬರೋನಿದ್ದ, ಅವನ ಮುಂದೆ ಬಾಯಿ ಮುಚ್ಕೊಂಡು ಕೂರೋದು ಹೆಂಗೆ?

ಕಲಿಸೋಕೆ ಬಂದೋನು ದುಭಾಷಿ ವರದಪ್ಪ. ಇಂಗ್ಲಿಷು ಸಮುದ್ರ ಅಂತ ಎಲ್ಲರೂ ಹೆದರಿಸ್ತಾರೆ, ನಾನು ಒಂದು ಚೊಂಬಲ್ಲಿ ತುಂಬಿಸಿ ಕೊಡ್ತೀನಿ ಅಂತ ಕೊಚ್ಚಿಕೊಂಡ.

“ಒಂದೇ ಮಾತು ಸಾಕು ಮಹಾಸ್ವಾಮಿ. ನೈಸ್. ಚೆನ್ನಾಗಿದೆ ಅಂತ ಅರ್ಥ. ಊಟಕ್ಕೂ ನೈಸ್, ಕುದುರೆಗೂ ನೈಸ್, ಸಾಹೇಬರ ಹೆಂಡತಿಗೂ ನೈಸ್. ಇದು ಹೊಂದದೇ ಇರೋ ಜಾಗ ಭೂಮಿ ಮೇಲಿಲ್ಲ.”

ದೊರೆ ಹಿಗ್ಗಿ ಹೀರೇಕಾಯಿ ಆದ. ತಾನು ಏನು ತೋರಿಸಿ ಹೆಂಗಿದೆ ಅಂತ ಕೇಳಿದ್ರೂ ನೈಸ್ ಅನ್ನಬೇಕು, ಬೇರೆ ಮಾತು ಆಡಿದೋನ ಅರ್ಧ ಮೀಸೆ ಬೋಳಿಸಬೇಕು ಅಂತ ಅಪ್ಪಣೆ ಹೊರಡಿಸಿದ.

ವಾರ ಕಳೆಯೋದ್ರೊಳಗೆ ಅರಮನೆ ತುಂಬ ಅರ್ಧ ಮೀಸೆಯೋರೇ. ಎಲ್ಲರೂ ಬೋಳು ಕೆನ್ನೆ ಗೋಡೆಗೆ ಒತ್ಕೊಂಡು ಓಡಾಡೋರು. ಒಂದೇ ಗೋಡೇಲಿ ಎಡಬೋಳು ಬಲಬೋಳು ಎದುರಾದ್ರೆ ಯಾರೂ ದಾರಿ ಬಿಡ್ತಿರಲಿಲ್ಲ, ಅಲ್ಲೇ ನಿಂತು ಸಂಜೆ ಮಾಡೋರು.

ವಿದೂಷಕ ಬುಕ್ಕಯ್ಯ ಮಾತ್ರ ನಾಲಿಗೆ ಕಚ್ಕೊಂಡು ತನ್ನ ಮೀಸೆ ಉಳಿಸ್ಕೊಂಡಿದ್ದ. ಅದು ದೊರೆ ಮೀಸೆಯಷ್ಟು ದೊಡ್ಡದಲ್ಲ, ಆದ್ರೆ ಅದನ್ನ ನೋಡಿಯೇ ಅವನ ಹೆಂಡತಿ ಮದುವೆಗೆ ಒಪ್ಪಿದ್ದು. ಹಿಂಗಿರುವಾಗ ಒಂದು ಸಂಜೆ ದೊರೆ ಹಾಡಿದ. ಕೆರೆಕೋಡಿಯ ಕಪ್ಪೆಗಳು ಊರು ಬಿಟ್ಟು ಹೋದವು. ಹೆಂಗಿತ್ತು ಬುಕ್ಕಯ್ಯ ಅಂತ ಕೇಳಿದ.

“ಎಮ್ಮೆಗೆ ಹೆರಿಗೆ ಕಷ್ಟ ಆದಂಗಿತ್ತು ಬುದ್ಧಿ.”

ಬಾಯಿಂದ ಜಾರಿಹೋಗಿತ್ತು. ಕ್ಷೌರದ ನಂಜ ಕತ್ತಿ ಮಸೆಯೋಕೆ ಕೂತ. ಬುಕ್ಕಯ್ಯ ಕೈಮುಗಿದು, ನಾಳೆ ದೊರೆಗಳ ಎಣ್ಣೆಸ್ನಾನ ಮುಗಿಯೋವರೆಗೂ ತಡೀಬೇಕು ಅಂದ. ಸ್ನಾನ ಮುಗಿಯೋವರೆಗೆ ದೊರೆಗಳ ಬಾಯಲ್ಲಿ ಅದೊಂದೇ ಮಾತು ಬಂದ್ರೆ, ಅರ್ಧ ಯಾಕೆ, ತನ್ನ ಪೂರ್ತಿ ಮೀಸೆ ಒಪ್ಪಿಸೋದಾಗಿ ಹೇಳಿದ.

“ಬೇರೆ ಮಾತು ಬಂದ್ರೆ?” ಅಂತ ದುಭಾಷಿ ನಕ್ಕ.

“ಬಂದ್ರೆ ನನ್ನ ಮೀಸೆಗೂ ಅದೇ ಕಾನೂನು,” ಅಂತ ದೊರೆ ಎದೆ ತಟ್ಟಿಕೊಂಡ.

ಬೆಳಗ್ಗೆ ಬಚ್ಚಲಮನೆ ಹೊಗೆಯಾಡ್ತಿತ್ತು. ಹಂಡೆಯ ಕುದಿತಕ್ಕೆ ಚಾವಣಿಯ ಹಲ್ಲಿಗಳೂ ಬೆವರಿದ್ವು. ದೊರೆಗೆ ಸ್ನಾನ ಮಾಡಿಸೋ ಚಿಕ್ಕಜಟ್ಟಿ ಹರಳೆಣ್ಣೆ ತಿಕ್ಕಿದ, ತಲೆಗೆ ಸೀಗೆಪುಡಿ ಹಾಕಿದ, ದೊರೆ ಕಣ್ಣು ಮುಚ್ಚಿದ. ಆ ಅರಮನೇಲಿ ಒಂದು ಪದ್ಧತಿ. ನೀರು ಹುಯ್ಯೋ ಜಟ್ಟಿ ಪ್ರತಿ ಚೊಂಬಿಗೂ ಹದ ಕೇಳಬೇಕು, ದೊರೆ ಹೇಳಿದಂಗೆ ಬೆರೆಸಬೇಕು. ಆ ಇಂಗ್ಲಿಷ್ ಮಾತಿನ ಅರ್ಥ ಏನು ಅಂತ ಜಟ್ಟಿ ಮೊದಲೇ ಬುಕ್ಕಯ್ಯನ್ನ ಕೇಳಿಕೊಂಡಿದ್ದ. ಬುಕ್ಕಯ್ಯ ಸುಳ್ಳು ಹೇಳಲಿಲ್ಲ, ಚೆನ್ನಾಗಿದೆ ಅಂತ ಕಣೋ ಅಂದಿದ್ದ.

“ಬಿಸಿ ಹೆಂಗಿದೆ ಬುದ್ಧಿ?”

“ನೈಸ್.”

“ಇನ್ನೂ ಚೂರು ಬಿಸಿ ಬೆರೆಸಲಾ?”

“ನೈಸ್.”

ಜಟ್ಟಿ ಬೆರೆಸಿದ. ದೊರೆಯ ಬೆನ್ನು ದಾಸವಾಳ ಆಯ್ತು. ಮತ್ತೆ ಕೇಳಿದ, ಮತ್ತೆ ನೈಸ್, ಈ ಸಲ ಹಲ್ಲು ಕಚ್ಕೊಂಡು. ಪಾಪ, ದೊರೆಗಳಿಗೆ ಇವತ್ತು ನೀರು ಬಲು ಹಿತವಾಗಿದೆ ಅಂತ ಜಟ್ಟಿ ತಣ್ಣೀರಿನ ಕೊಳಗ ಆಚೆ ಸರಿಸಿದ.

“ಬರೀ ಹಂಡೇದೇ ಹುಯ್ಯಲಾ ಬುದ್ಧಿ?”

“ನೈ... ನೈ...” ಅಂತ ದೊರೆ ತೊದಲಿದ. ಚೊಂಬಿನ ಅಂಚಿಂದ ಒಂದೇ ತೊಟ್ಟು ಭುಜಕ್ಕೆ ಬಿತ್ತು.

“ಅಯ್ಯೋ ನಮ್ಮವ್ವ, ಸತ್ತೆ, ನಿಲ್ಲಿಸೋ ಕತ್ತೆ!”

ಅಚ್ಚ ಕನ್ನಡ. ಮೂರು ಊರಿಗೆ ಕೇಳಿಸ್ತು. ದೊರೆ ಸೀಗೆಪುಡಿ ಸಮೇತ ಹೊರಗೆ ಹಾರಿದಾಗ ಬಾಗಿಲಲ್ಲಿ ನಂಜ ಕತ್ತಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಬುಕ್ಕಯ್ಯ. ಉಳಿದ ಬಿಸಿನೀರು ಯಾರಿಗೆ ಅಂತ ಜಟ್ಟಿ ಸುತ್ತ ನೋಡಿದ. ದುಭಾಷಿ ಆಗಲೇ ಊರಗಡಿ ದಾಟಿದ್ದ.

ದೊರೆ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. ಈಗೇನೋ ಗತಿ ಅಂತ ಮೆಲ್ಲಗೆ ಕೇಳಿದ. ಕಾನೂನೇ ಹೋದ್ರೆ ಎಲ್ಲರ ಮೀಸೆನೂ ಉಳಿಯುತ್ತೆ ಬುದ್ಧಿ ಅಂದ ಬುಕ್ಕಯ್ಯ. ದೊರೆ ಅಲ್ಲೇ, ಒದ್ದೆ ಪಂಚೇಲೇ, ಕಾನೂನು ರದ್ದು ಮಾಡಿದ. ನಂಜ ಕತ್ತಿ ಮಡಚಿದ.

ದೊರೆ ಮೀಸೆಯ ಎರಡೂ ತುದಿ ಮುಟ್ಟಿ ನೋಡ್ಕೊಂಡ. ನಗು ತಡೆಯೋಕಾಗಲಿಲ್ಲ. ಬಚ್ಚಲ ಬೆಳ್ಳಿ ಚೊಂಬನ್ನೇ ಬುಕ್ಕಯ್ಯನ ಕೈಗಿಟ್ಟ.

“ನಿಜ ಹೇಳೋ, ಈಗ ಹೆಂಗಿದೆ ನನ್ನ ಮೀಸೆ?”

ಬುಕ್ಕಯ್ಯ ತನ್ನದನ್ನೂ ಒಮ್ಮೆ ಸವರಿಕೊಂಡ.

“ಎರಡೂ ಕಡೆ ಇದೆ ಬುದ್ಧಿ. ಈಗ ಹೇಳ್ತೀನಿ, ನೈಸ್.”