ಒಲ್ಲದಮ್ಮನ ಗುಡ್ಡ

ಕಡೇಹಳ್ಳಿಯ ಕಾಡಂಚಿನ ಈ ಗುಡ್ಡದ ಮೇಲೆ ಕಂಬ, ಗೋಪುರ, ಕಳಸ ಎಲ್ಲವೂ ಇರುವ ಕಲ್ಲುಗುಡಿಯೊಂದಿದೆ, ಒಳಗೆ ದೇವರಿಲ್ಲ. ತಾಯಿ ಕೂತಿರುವುದು ಕೆಳಗಿನ ಹೊಂಡದ ದಡದಲ್ಲಿ, ಜಾಲಿಮರದ ಬುಡದಲ್ಲಿ. ಮರದ ತುಂಬ ಗೀಜಗನ ಗೂಡುಗಳು. ಹಕ್ಕಿಗಳ ಗದ್ದಲದಲ್ಲಿ ಮಂಗಳಾರತಿಯ ಗಂಟೆಯೂ ಕೇಳಿಸದು. ತಾಯಿಗೆ ಅದೇ ಇಷ್ಟ ಎನ್ನುತ್ತಾರೆ.

ಹಿಂದೆ ಒಮ್ಮೆ ಓಬಯ್ಯನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದನಂತೆ. ಹಕ್ಕಿಯ ಹಿಕ್ಕೆ ಬೀಳುವ ಕಡೆ ತನ್ನ ಮನೆದೇವತೆ ಕೂತಿರುವುದು ಅವನ ಮೀಸೆಗೆ ಅವಮಾನವಾಗಿ ಕಂಡಿತು. ಗುಡ್ಡದ ಮೇಲೆ ಗುಡಿ ಕಟ್ಟಿಸಿ ಕಳಸವನ್ನೂ ಇಡಿಸಿದ. ತಾಯಿಯನ್ನು ಮೇಲಕ್ಕೆ ಒಯ್ದ ಕೂಡಲೇ ಜಾಲಿಯನ್ನು ಕಡಿಯಬೇಕೆಂದು ಅಪ್ಪಣೆಯಾಯಿತು. ಆ ಮರದಡಿಯಲ್ಲೇ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತ, ದಿನವೂ ತಾಯಿಗೆ ದೀಪ ಹಚ್ಚುತ್ತಿದ್ದ ಮೇದರ ಗಿರಿಯವ್ವ ಅದನ್ನು ಕೇಳಿ ತಲೆಯೆತ್ತಿ ಮರವನ್ನು ನೋಡಿದಳು. ಗೂಡುಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳಿದ್ದವು. ಅವಳು ನಾಯಕನ ಮುಂದೆ ನಿಂತು, ತಾಯಿಯನ್ನು ಒಂದು ಮಾತು ಕೇಳಿದಿರಾ ಎಂದಳು. ಸುತ್ತಲಿದ್ದವರು ನಕ್ಕರು. ಬುಟ್ಟಿಯವಳು ಗುಡಿ ಕಟ್ಟುವ ಪಾಠ ಹೇಳಲು ಬಂದಳೆಂದು ಒಬ್ಬ ಕುಟುಕಿದ.

“ಗಂಡು ಗೀಜಗ ಅರ್ಧ ಗೂಡು ಹೆಣೆದು ನಿಲ್ಲಿಸ್ತದೆ, ಬುದ್ದಿ. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೇ ಉಳಿದರ್ಧ. ನೀವು ಕಳಸಾನೇ ಇಟ್ಟುಬಿಟ್ಟಿರಿ.”

“ಹುಲ್ಲು ಕಚ್ಚೋ ಹಕ್ಕಿಯಿಂದ ನಾನು ಕಲೀಬೇಕೇನೇ?”

“ಕಲೀಬೇಡಿ, ಬುದ್ದಿ. ತಾಯೀನ ಕೇಳಿ, ಸಾಕು.”

ಜನರೆದುರು ಹಿಂದೆಗೆಯಲಾಗದೆ ನಾಯಕ ಹೂವಿನ ಅಪ್ಪಣೆ ಕೇಳಿಸಿದ. ತಾಯಿಯ ಎರಡು ಭುಜಗಳ ಮೇಲೆ ಹೂವಿಡುವುದು ವಾಡಿಕೆ; ಬಲದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಎರಡು ಸಲವೂ ಎಡದ್ದೇ ಬಿತ್ತು. ಮೂರನೆಯ ಸಲ ನಾಯಕ ಎಡಕ್ಕೆ ಹೂವಿಡಗೊಡದೆ, ಬಲಭುಜದ ಅಂಚಿನಲ್ಲಿ ಒಂದೇ ಒಂದು ಕಣಗಿಲೆಯನ್ನು ತಾನೇ ಇಟ್ಟ. ಜಗನ್ಮಾತೆಗೆ ಮೋಸ ಮಾಡಹೊರಟ ಆ ಕೈಯನ್ನು ಗಿರಿಯವ್ವ ನೋಡಿದಳು. ಗಾಳಿ ಬೀಸಿತು, ಹೂ ಬೀಳಲಿಲ್ಲ. ಹೊತ್ತು ಇಳಿಯುವವರೆಗೂ ಬೀಳಲಿಲ್ಲ. ಆಮೇಲೆ ಒಂದು ಗಂಡು ಗೀಜಗ ಇಳಿದು ಬಂದು, ಆ ಹೂವನ್ನು ಕಚ್ಚಿಕೊಂಡು ಹೋಗಿ ತನ್ನ ಅರ್ಧ ಗೂಡಿಗೆ ಸಿಕ್ಕಿಸಿತು. ಹೆಣ್ಣು ಬಂದು ನೋಡಿ ಒಳಗೆ ಕೂತಿತು. ಕಡಿಯಲು ಬಂದವರು ಕೊಡಲಿ ಕೆಳಗಿಟ್ಟು ಕೈಮುಗಿದರು. ತಾಯಿ ನಾಯಕನನ್ನು ಶಪಿಸಲಿಲ್ಲವಂತೆ. ಸಿಟ್ಟಿಗೂ ಅವನು ಯೋಗ್ಯನಾಗಿರಲಿಲ್ಲ.

ಅಂದಿನಿಂದ ಆಕೆ ಒಲ್ಲದಮ್ಮ. ಈ ಸುತ್ತಿನಲ್ಲಿ ಇಂದಿಗೂ ಗೋಡೆ ಎದೆಮಟ್ಟ ಬಂದಾಗ ಮನೆಯೊಡತಿಯನ್ನು ಕರೆತಂದು ತೋರಿಸುತ್ತಾರೆ. ಅವಳು ಹೂಂ ಎಂದ ಮೇಲೆಯೇ ಸೂರು. ದೂರದಿಂದ ಬಂದವರು ಗುಡ್ಡ ಹತ್ತಿ, ಗರ್ಭಗುಡಿಗೆ ಇಣುಕಿ, ಬರಿಗಲ್ಲು ಕಂಡು ಇಳಿಯುತ್ತಾರೆ. ಅಷ್ಟು ದೊಡ್ಡ ಗೋಪುರದಲ್ಲಿ ಒಂದು ಗೀಜಗವೂ ಇದುವರೆಗೆ ಒಂದೆಳೆ ಹುಲ್ಲು ಸಿಕ್ಕಿಸಿಲ್ಲ.